ಎಡಗೈಯ ಪೆಟ್ಟು

ನಾನು ತಾಳ ಹಿಡಿಯುವವನು. ಕರಡಿ ಮಜಲಿನ ಮೇಳ ಹೊರಟಿತೆಂದರೆ ಜನ ನೋಡುವುದು ಕರಡಿ ಬಾರಿಸುವವನನ್ನು. ಹೊಟ್ಟೆಗೆ ಬಿಗಿದುಕೊಂಡ ಆ ದೊಡ್ಡ ಚರ್ಮವಾದ್ಯವನ್ನು ಎರಡೂ ಬದಿಗೆ ಬಾರಿಸುತ್ತ ಅವನು ಹೆಜ್ಜೆ ಹಾಕುವುದೇ ಒಂದು ನೋಟ. ಕಿವಿಗೊಟ್ಟು ಕೇಳುವುದು ಊದುವ ಸನಾದಿಯನ್ನು. ತಾಳದವನನ್ನು ನೋಡುವವರೂ ಇಲ್ಲ, ಕೇಳುವವರೂ ಇಲ್ಲ. ಊಟದ ಪಂಕ್ತಿಯಲ್ಲಿ ಮಾತ್ರ, ಇವರೂ ಮೇಳದವರೇನು ಎಂದು ಬಡಿಸುವವರು ಅನುಮಾನದಿಂದ ನೋಡುತ್ತಾರೆ. ಆದರೆ ಇಡೀ ಮೇಳ ನಡೆಯುವುದು ತಾಳದ ಬೆನ್ನಿಗೆ. ಅದು ಕೂದಲೆಳೆಯಷ್ಟು ಹಿಂದೆ ಸರಿದರೆ ಎಲ್ಲರೂ ಸರಿಯುತ್ತಾರೆ, ಹೊರಗಿನವರಿಗೆ ಗೊತ್ತೂ ಆಗುವುದಿಲ್ಲ. ಗುರಪ್ಪನಿಗಾಗಿ ನಾನು ಹಾಗೆ ಸರಿದೆ. ಅದು ತಪ್ಪೆಂದು ಇವತ್ತಿಗೂ ಒಪ್ಪುವುದಿಲ್ಲ. ವಾದಕ್ಕೆ ಬಂದವರಿಗೆ ಚಹಾ ಕೂಡ ಕೊಡದೆ ಕಳಿಸಿದ್ದೇನೆ.

ಗುರಪ್ಪ ನನ್ನ ಸಾಲೆಯ ಗೆಳೆಯ. ನಾನು ಬಸವನ ಬಾಗೇವಾಡಿಯ ಹೈಸ್ಕೂಲಿನಲ್ಲಿ ಕನ್ನಡ ಮಾಸ್ತರನಾದೆ. ಅವನು ಊರಾಚೆಯ ಹೊಲದಲ್ಲಿ ತೊಗರಿ, ಜೋಳ ಬೆಳೆದುಕೊಂಡು ಕರಡಿ ಹಿಡಿದ. ಸಾಲೆಯಲ್ಲಿ ನಾನು ಅವನಿಗೆ ಉತ್ತರ ತೋರಿಸುತ್ತಿದ್ದೆ, ಮೇಳದಲ್ಲಿ ಅವನು ನನಗೆ ತಾಳ ತೋರಿಸಿದ. ಮೇಳವೆಂದರೆ ನಾಲ್ಕೇ ಜನ. ಮುಂದಿನ ಕರಡಿ ಗುರಪ್ಪನದು, ಎರಡನೆಯ ಕರಡಿ ಪರಶುವಿನದು, ಸನಾದಿ ಯಂಕಪ್ಪನದು. ಮದುವೆಗಳಲ್ಲಿ ಎದೆಗೂಡು ನಡುಗಿಸುವ ಸೌಂಡ್ ಬಾಕ್ಸುಗಳು ಬಂದ ಮೇಲೆ ಎಷ್ಟೋ ಮೇಳಗಳು ಚದುರಿ ಹೋದವು. ನಮ್ಮದು ಉಳಿದದ್ದು ಗುರಪ್ಪನ ಎಡಗೈಯಿಂದ.

ಬಲಗೈಯ ಪೆಟ್ಟನ್ನು ಯಾರಾದರೂ ಕಲಿಯಬಹುದು. ರಟ್ಟೆಯಲ್ಲಿ ಕಸುವಿದ್ದರೆ ಸಾಕು. ಎಡಗೈಯದು ಹಾಗಲ್ಲ. ಬಲಗೈ ಕೂಗಿ ಕರೆದರೆ ಗುರಪ್ಪನ ಎಡಗೈ ಮೆಲ್ಲಗೆ ಓಗೊಡುತ್ತಿತ್ತು, ಹಿತ್ತಲಲ್ಲಿದ್ದವರು ಓಗೊಟ್ಟ ಹಾಗೆ. ಆ ದನಿ ಕೇಳಲೆಂದೇ ಇಂಡಿಯಿಂದ, ಸಿಂದಗಿಯಿಂದ ನಮಗೆ ವೀಳ್ಯ ಬರುತ್ತಿತ್ತು. ಅವನಿಗೂ ಅದರ ಬಗ್ಗೆ ಸೊಕ್ಕಿತ್ತು. ಮಗಳು ವಿಜಯಶ್ರೀ ಇನ್ನೂ ತೊಟ್ಟಿಲಲ್ಲಿದ್ದಾಗಲೇ ಅವನು ಊರಿಗೆಲ್ಲ ಸಾರಿಬಿಟ್ಟಿದ್ದ: ಈಕೆಯ ಮದುವೆಯಲ್ಲಿ ಬೀಗರನ್ನು ಎದುರುಗೊಳ್ಳುವಾಗ ನಾನು ಎಲ್ಲರ ಹಾಗೆ ಮಾಲೆ ಹಿಡಿದು ನಿಲ್ಲುವವನಲ್ಲ, ಕರಡಿ ಕಟ್ಟಿಕೊಂಡೇ ಎದುರಿಗೆ ಹೋಗುವವನು. ಹಾಗಾದರೆ ಅಳಿಯನಿಗೆ ಮಾಲೆ ಹಾಕುವುದು ಯಾರು ಎಂದು ಅವನ ಹೆಂಡತಿ ಶಂಕ್ರೆವ್ವ ಕೇಳುತ್ತಿದ್ದಳು. ಮಾಸ್ತರನೇ ಹಾಕಲಿ, ಅವನ ಕೈಗೆ ಬೇರೆ ಏನು ಕೆಲಸವಿದೆ ಎಂದು ಇಬ್ಬರೂ ನನ್ನ ಮೇಲೆ ನಗುತ್ತಿದ್ದರು.

ಇಂಡಿಯ ಲಿಂಬೆಹಣ್ಣಿನ ವ್ಯಾಪಾರಿಯೊಬ್ಬರ ಮನೆಯ ಮದುವೆಯಲ್ಲಿ ಆ ಎಡಗೈ ಬಿತ್ತು. ಬಾರಿಸುತ್ತಿದ್ದ ಮಜಲು ಅರ್ಧಕ್ಕೆ ಬಂದಿತ್ತು. ಓಗೊಡುವ ಪೆಟ್ಟು ಬರಲೇ ಇಲ್ಲ. ನೋಡಿದರೆ ಗುರಪ್ಪನ ಕೈ ಕರಡಿಯ ಪಕ್ಕದಲ್ಲಿ ಜೋತುಬಿದ್ದಿತ್ತು, ಬಾಯಿ ಒಂದು ಕಡೆಗೆ ಎಳೆದಿತ್ತು. ಆ ಮಾರಾಯ ಬಲಗೈಯೊಂದರಿಂದಲೇ ಮಜಲು ಮುಗಿಸಿ, ಆಮೇಲೆ ಕುಸಿದ. ವಿಜಯಪುರದ ಆಸ್ಪತ್ರೆಯಲ್ಲಿ ಲಕ್ವಾ ಎಂದರು. ಜೀವಕ್ಕೆ ಅಪಾಯವಿಲ್ಲ ಎಂದೂ ಅಂದರು. ಯಾವುದು ಅವನ ಜೀವ ಎಂದು ಡಾಕ್ಟರಿಗೆ ಹೇಗೆ ಗೊತ್ತಿರಬೇಕು?

ವಿಜಯಶ್ರೀ ರಜೆ ಹಾಕಿ ಓಡಿ ಬಂದಳು. ಅವಳು ಪುಣೆಯಾಚೆ ನಾರಾಯಣಗಾಂವದ ಹತ್ತಿರ, ಆಕಾಶದಿಂದ ಬರುವ ರೇಡಿಯೋ ಅಲೆಗಳನ್ನು ಹಿಡಿಯುವ ಬುಟ್ಟಿಯಂಥ ಭಾರಿ ಭಾರಿ ಆಂಟೆನಾಗಳ ನಡುವೆ ಸಂಶೋಧನೆ ಮಾಡುವವಳು. ಗುರಪ್ಪ ಮನೆಗೆ ಬಂದ ಮೇಲೆ ಶಂಕ್ರೆವ್ವ ಜೋಳದ ಹಿಟ್ಟು ಕಲಸಿ ಅವನ ಎಡಗೈಗೆ ಕೊಡುತ್ತಿದ್ದಳು, ನಾದು ಎಂದು. ಅವನು ನಾದುವಾಗ ಮಗಳು ಎದುರಿಗೆ ಕೂತು ತನ್ನ ಕೆಲಸದ ಮಾತು ಹೇಳುತ್ತಿದ್ದಳು. ನಾನೂ ಅಲ್ಲೇ ಕಟ್ಟೆಯ ಮೇಲೆ ಇರುತ್ತಿದ್ದೆ.

ದೊಡ್ಡ ನಕ್ಷತ್ರವೊಂದು ಸಿಡಿದು ಸತ್ತ ಮೇಲೆ ಒಳಗಿನ ಗಟ್ಟಿ ತಿರುಳು ಉಳಿದು ಗರಗರ ತಿರುಗುತ್ತದಂತೆ. ಅದಕ್ಕೆ ಪಲ್ಸಾರ್ ಎಂದು ಹೆಸರು. ತಲೆಗೆ ದೀಪ ಕಟ್ಟಿಕೊಂಡವನು ಗಿರಕಿ ಹೊಡೆದರೆ ಅವನು ನಮ್ಮ ಕಡೆ ತಿರುಗಿದಾಗಲೆಲ್ಲ ಬೆಳಕು ಕಣ್ಣಿಗೆ ಹೊಡೆಯುತ್ತದಲ್ಲ, ಹಾಗೆ ಅದರ ರೇಡಿಯೋ ಕಿರಣ ನಮ್ಮ ಮೇಲೆ ಹಾಯ್ದಾಗಲೆಲ್ಲ ಇಲ್ಲಿ ಒಂದು ಮಿಡಿತ. ಗಡಿಯಾರದಷ್ಟು ನಿಯತ್ತು. ಅವಳು ಆ ಮಿಡಿತಗಳನ್ನು ಸದ್ದಾಗಿ ಮಾಡಿ ಮೊಬೈಲಿನಲ್ಲಿ ಕೇಳಿಸಿದಳು. ಟಪಟಪ ಟಪಟಪ ಎಂದು ಒಂದೇ ಸಮನೆ. ಗುರಪ್ಪ ಹಿಟ್ಟು ನಾದುವುದನ್ನು ನಿಲ್ಲಿಸಿ ಕೇಳಿದ. ಒಂದು ಪೆಟ್ಟಿನ ಹಾಗೆ ಇನ್ನೊಂದು ಇಲ್ಲ ಎಂದ.

ಅದೇ ತನ್ನ ಕೆಲಸ ಎಂದು ಅವಳಿಗೆ ಹುರುಪು ಬಂತು. ಒಂದು ಮಿಡಿತ ಪ್ರಖರ, ಮುಂದಿನದು ಮಂಕು, ಯಾವ ಎರಡೂ ಒಂದೇ ಥರ ಇರುವುದಿಲ್ಲ. ಉಳಿದ ಪಲ್ಸಾರುಗಳ ಮಾತು ಬೇರೆ, ಆದರೆ ತಾನು ಬೆನ್ನು ಹತ್ತಿರುವ ಈ ಒಂದರಲ್ಲಿ ಪ್ರಖರವಾದವು ತುಸು ಮುಂಚೆ ಬರುತ್ತವೆ, ಮಂಕಾದವು ತುಸು ಹಿಂದೆ ಬೀಳುತ್ತವೆ. ಎಲ್ಲವನ್ನೂ ಒಟ್ಟು ಕೂಡಿಸಿದರೆ ಮಾತ್ರ ಅದರ ನಿಜವಾದ ಹೊತ್ತು ಸಿಗುತ್ತದೆ. ಇಷ್ಟನ್ನು ಅವಳು ಕೈಯಾಡಿಸಿ ಆಡಿಸಿ ವಿವರಿಸಿದಳು. ಗುರಪ್ಪ ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ ನಕ್ಕ.

“ನಮ್ಮ ಪರಶು ಅದಾನ ನೋಡು. ಜೋರ ಬಡಿಯೂ ಭರಕ್ಕ ಯಾವಾಗ್ಲೂ ಮುಂದ ಓಡ್ತಾನ,” ಎಂದ. ಆಮೇಲೆ, “ಸಣ್ಣವು ಹಿಡಿಯಾಕ ತ್ರಾಸ ಆದ್ರ ಬಿಟ್ಟ ಬಿಡ್ತೀರೇನು?” ಎಂದು ಕೇಳಿದ.

“ಜೋರಿನವು ಹಿಡಿಯೂದು ಸಸಾರಪ್ಪಾ, ಅಷ್ಟ ಸಾಕು ಅನ್ನೂ ಆಸಿ ಆಗ್ತೈತಿ. ಆದ್ರ ಸಣ್ಣವನ್ನ ಬಿಟ್ಟು ಲೆಕ್ಕಾ ಮಾಡಿದ್ರ ಬರೂ ಹೊತ್ತು ಸುಳ್ಳ ಬರ್ತೈತಿ,” ಎಂದಳು ವಿಜಯಶ್ರೀ.

ಗುರಪ್ಪ ತಲೆದೂಗಿದ. ಮತ್ತೆ ಹಿಟ್ಟು ನಾದತೊಡಗಿದ.

ಬರಬರುತ್ತ ಕೈ ಎದ್ದಿತು. ಅಂಗಿಯ ಗುಂಡಿ ಹಾಕಿಕೊಳ್ಳುವಷ್ಟು, ತುತ್ತು ಎತ್ತುವಷ್ಟು. ಆಮೇಲೆ ಒಂದು ಸಂಜೆ ಅವನ ಅಂಗಳದಲ್ಲಿ ಮೇಳ ಕೂಡಿತು. ಕರಡಿ ಕಟ್ಟಿಕೊಳ್ಳುವಾಗ ಯಾರ ಸಹಾಯವೂ ಬೇಡವೆಂದ ಅವನು. ಮಜಲು ಶುರುವಾಯಿತು. ಬಲಗೈಯ ಪೆಟ್ಟು ಮೊದಲಿನ ಹಾಗೇ ಕೂಗಿ ಕರೆಯಿತು. ಎಡಗೈ ಓಗೊಟ್ಟಿತು, ಆದರೆ ಸಣ್ಣಗೆ, ಹೊತ್ತು ಮೀರಿ. ನನ್ನ ಕೈ ತಾನಾಗಿ ನಿಂತಿತು. ಆ ಸಣ್ಣ ಪೆಟ್ಟು ಬಂದ ಮೇಲೆಯೇ ತಾಳ ಕೂಡಿಸಿದೆ. ಯಂಕಪ್ಪ ಉಸಿರನ್ನು ಅಷ್ಟು ಎಳೆದ. ಯಾವತ್ತೂ ಮುಂದೆ ಓಡುವ ಪರಶು ಕೂಡ ಲಗಾಮು ಬಿಗಿದುಕೊಂಡ. ನಾವು ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಹಿರಿಯನ ಕೈ ತಪ್ಪಿದರೆ ಅವನ ಮುಖ ನೋಡಬಾರದು, ನೆಲ ನೋಡಬೇಕು, ಅವನು ಬರುವವರೆಗೆ ಕಾಯಬೇಕು. ಇದು ನಮ್ಮ ಮೇಳದ ರೂಢಿ, ಗುರಪ್ಪನೇ ನಮಗೆ ಕಲಿಸಿದ್ದು. ಅವನ ಗುರುವಿಗೆ ವಯಸ್ಸಾದಾಗ ಅವನೂ ಹಾಗೆಯೇ ಕಾಯ್ದಿದ್ದ.

ಮಜಲು ಮುಗಿದಾಗ ಅವನ ಕಣ್ಣಲ್ಲಿ ನೀರಿತ್ತು. ಕೈ ಬಂತು ಮಾಸ್ತರ ಎಂದ. ಹೌದು ಬಂತು ಎಂದೆ. ಮನೆಗೆ ಹೋಗುವ ದಾರಿಯಲ್ಲಿ ನಾವು ಮೂವರೂ ತೊಗರಿಯ ರೇಟಿನ ಬಗ್ಗೆ ಮಾತಾಡಿದೆವು.

ಅವತ್ತಿನಿಂದ ಹಾಗೆಯೇ ನಡೆಯಿತು. ಕೇಳುವವರಿಗೆ ಮಜಲು ತುಸು ನಿಧಾನ ಅನ್ನಿಸಿರಬಹುದು. ಹಳೇ ಪದ್ಧತಿ, ಗಂಭೀರವಾಗಿದೆ ಎಂದು ಹೊಗಳಿದವರೂ ಇದ್ದರು. ಗುರಪ್ಪ ಮತ್ತೆ ಮೀಸೆ ತಿರುವತೊಡಗಿದ. ಅಷ್ಟರಲ್ಲಿ ವಿಜಯಶ್ರೀಯ ಮದುವೆ ಗೊತ್ತಾಯಿತು. ಹುಡುಗ ಮುದ್ದೇಬಿಹಾಳದವನು, ಅವಳ ಜೊತೆಯಲ್ಲೇ ಕೆಲಸ ಮಾಡುವವನು. ಬೀಗರ ಮುಂದೆ ಯಾವ ಮಜಲು ಬಾರಿಸಬೇಕು ಎನ್ನುವುದನ್ನು ಬಿಟ್ಟು ಗುರಪ್ಪನಿಗೆ ಮದುವೆಯ ಬೇರೆ ಚಿಂತೆಯೇ ಇರಲಿಲ್ಲ.

ಸಿಂದಗಿಯಲ್ಲಿ ಎಡವಟ್ಟಾಯಿತು. ಅಲ್ಲಿಯ ಒಂದು ಮನೆ ತುಂಬುವ ಕಾರ್ಯಕ್ಕೆ ನಾವು ಒಪ್ಪಿಕೊಂಡಿದ್ದೆವು. ಆ ದಿನವೇ ಯಂಕಪ್ಪನಿಗೆ ಜ್ವರ. ದೇವರ ಹಿಪ್ಪರಗಿಯಿಂದ ಯಾಸೀನ ಎಂಬ ಸನಾದಿಯವನನ್ನು ಕರೆಸಿಕೊಂಡೆವು. ಒಳ್ಳೆಯ ಕಲಾವಿದ, ಸಭ್ಯ ಮನುಷ್ಯ. ಅವನ ತಪ್ಪೇನೂ ಇಲ್ಲ. ಅವನು ಸರಿಯಾಗಿ ನುಡಿಸಿದ, ಅಷ್ಟೇ. ನಾವು ಕಾಯುವುದು ಅವನಿಗೆ ಹೇಗೆ ಗೊತ್ತಾಗಬೇಕು? ಬಲಗೈಯ ಪೆಟ್ಟಿನ ಮೇಲೆ ಅವನ ಸನಾದಿ ಮುಂದೆ ಹೋಯಿತು, ನಾವು ಹಿಂದೆ ಉಳಿದೆವು. ಅವನು ಮತ್ತೆ ಬಂದು ಕೂಡಿಕೊಂಡ, ಮತ್ತೆ ಮುಂದೆ ಹೋದ. ಆಮೇಲೆ ಅವನ ಕಣ್ಣು ಗುರಪ್ಪನ ಎಡಗೈಯ ಮೇಲೆ ನಿಂತಿತು. ಗುರಪ್ಪ ಅದನ್ನು ಕಂಡ.

ತಿರುಗಿ ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕ ಕೂತ. ನನ್ನ ಲಯ ಸರಿ ಇದೆಯೇ ಎಂದು ಕೇಳಿದ. ನಿನ್ನ ಲಯಕ್ಕೆ ಏನಾಗಿದೆ, ಆ ಹುಡುಗನಿಗೆ ನಮ್ಮ ಧಾಟಿ ಗೊತ್ತಿಲ್ಲ ಎಂದೆ. ಅವನು ಕಿಟಕಿಯ ಕಡೆ ತಿರುಗಿದ. ಬಾಗೇವಾಡಿ ಬರುವವರೆಗೂ ತೊಡೆಯ ಮೇಲೆ ಎರಡೂ ಕೈಯಿಂದ ಬಾರಿಸಿಕೊಳ್ಳುತ್ತ ಇದ್ದ. ನಾನು ಕಣ್ಣು ಮುಚ್ಚಿ ನಿದ್ದೆ ಬಂದವನ ಹಾಗೆ ಕೂತೆ. ಎಂಥ ನಿದ್ದೆ!

ಮದುವೆಗೆ ಮುಂಚೆ ವಿಜಯಶ್ರೀ ಊರಿಗೆ ಬಂದಳು. ಚಡಚಣದಿಂದ ತಂದ ಜವಳಿ ಪಡಸಾಲೆಯ ಮಂಚದ ತುಂಬ ಬಿದ್ದಿತ್ತು. ಗುರಪ್ಪ ಅದನ್ನು ಸರಿಸಿ ಅವಳ ಲ್ಯಾಪ್‌ಟಾಪಿಗೆ ಜಾಗ ಮಾಡಿದ. ನೀನು ನಕ್ಷತ್ರದ ಪೆಟ್ಟು ಅಳೆಯುವವಳು, ನನ್ನದನ್ನೂ ಅಳೆದು ಹೇಳು ಎಂದ. ಸರಿ ಇದ್ದರೆ ಬೀಗರ ಮುಂದೆ ಕರಡಿ ಕಟ್ಟುತ್ತೇನೆ, ಇಲ್ಲದಿದ್ದರೆ ಕಟ್ಟುವುದಿಲ್ಲ. ಮಾಸ್ತರನನ್ನು ನಂಬುವ ಹಾಗಿಲ್ಲ, ಅವನು ಗೆಳೆಯ ಎಂದೂ ಸೇರಿಸಿದ. ನಾನು ಅಲ್ಲೇ ನಿಂತಿದ್ದೆ.

ಸಂಜೆಯ ಅಭ್ಯಾಸವನ್ನು ಅವಳು ಪೂರಾ ರೆಕಾರ್ಡ್ ಮಾಡಿಕೊಂಡಳು. ಆಮೇಲೆ ಒಳಗೆ ಹೋಗಿ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂತಳು. ಗುರಪ್ಪ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ನನಗೆ ತಡೆಯಲಾಗದೆ ಒಳಗೆ ಹೋದೆ. ಪರದೆಯ ಮೇಲೆ ಎತ್ತರದ ಗೆರೆಗಳು, ಅವುಗಳ ನಡುವೆ ಗಿಡ್ಡ ಗೆರೆಗಳು, ಕೆಳಗೆ ಕೆಂಪು ಚುಕ್ಕೆಗಳ ಸಾಲು. ಎತ್ತರದವು ಬಲಗೈಯ ಪೆಟ್ಟು, ಗಿಡ್ಡವು ಎಡಗೈಯವು, ಕೆಂಪು ಚುಕ್ಕೆ ನನ್ನ ತಾಳ. ಪ್ರತಿ ಗಿಡ್ಡ ಗೆರೆಯೂ ಇರಬೇಕಾದ ಜಾಗದಿಂದ ಸರಿದಿತ್ತು. ಅದರ ಜೊತೆಗೆ ನನ್ನ ಚುಕ್ಕೆಯೂ ಸರಿದಿತ್ತು. ನಾಲ್ಕು ಜನರ ಒಳಗಿನ ಮಾತು ಹೀಗೆ ಗೆರೆಯಾಗಿ ಬಯಲಿಗೆ ಬೀಳುತ್ತದೆ ಎಂದು ನನಗೆ ಗೊತ್ತಿರಲಿಲ್ಲ.

“ಕಾಕಾ, ನೀವು ಕಾಯಾಕತ್ತೀರಿ. ಎಲ್ಲಾರೂ ಅಪ್ಪನ ಸಂಬಂಧ ಕಾಯಾಕತ್ತೀರಿ,” ಎಂದಳು. ಕೆನ್ನೆಯ ಮೇಲಿನ ನೀರನ್ನು ಒರೆಸಿಕೊಳ್ಳಲೂ ಇಲ್ಲ.

ನಾನು ಅವಳ ಮುಂದೆ ಕೈ ಮುಗಿದೆ. ನನ್ನ ಕೈಯಲ್ಲಿ ಅಕ್ಷರ ತಿದ್ದಿದ ಹುಡುಗಿ. ನಾಲ್ಕು ಮಜಲು ಬಾರಿಸಿಬಿಡಲಿ, ಈ ಒಂದು ಮದುವೆ ದಾಟಲಿ ಎಂದು ಬೇಡಿಕೊಂಡೆ. ಬಾಗಿಲಲ್ಲಿ ಶಂಕ್ರೆವ್ವ ನಿಂತಿದ್ದಳು, ಕೈಯೆಲ್ಲ ರೊಟ್ಟಿಯ ಹಿಟ್ಟು. ಅವಳು ಒಂದೇ ಮಾತು ಹೇಳಿದಳು.

“ಹೇಳಬ್ಯಾಡ ಯವ್ವಾ. ಆ ಕೈ ಎಬ್ಬಸಾಕ ನಾ ಎಷ್ಟ ಹಿಟ್ಟ ಕಲಸೇನಿ ನಿನಗ ಗೊತ್ತಿಲ್ಲ.”

ವಿಜಯಶ್ರೀ ಪರದೆಯ ಕಡೆ ತಿರುಗಿದಳು. ಆಮೇಲೆ ಏನೋ ಒತ್ತಿದಳು. ಗಿಡ್ಡ ಗೆರೆಗಳೆಲ್ಲ ಮಾಯವಾದವು. ಕೆಂಪು ಚುಕ್ಕೆಗಳೂ ಹೋದವು. ಎತ್ತರದ ಗೆರೆಗಳು ಮಾತ್ರ ಪೈರಿನ ಸಾಲಿನ ಹಾಗೆ ನೆಟ್ಟಗೆ ನಿಂತವು. ಅವಳು ಮುಖ ತೊಳೆದುಕೊಂಡು ಬಂದು ಅಪ್ಪನನ್ನು ಕರೆದಳು.

ಎಲ್ಲ ಸರಿಯಾಗಿದೆ, ಪೆಟ್ಟುಗಳು ತಮ್ಮ ಹೊತ್ತಿಗೇ ಬೀಳುತ್ತಿವೆ ಎಂದು ಹೇಳಿದಳು. ಅವಳ ದನಿ ಸಹಜವಾಗಿಯೇ ಇತ್ತು. ಗುರಪ್ಪ ಪರದೆಯ ಹತ್ತಿರ ಬಾಗಿದ. ಮುಖ ಅರಳಿತು. ಹೊಲದ ಸಾಲು ನೋಡುವವನ ಹಾಗೆ ಬೆರಳಿಟ್ಟು ಗೆರೆಯಿಂದ ಗೆರೆಗೆ ಹೋದ. ನಡುವೆ ಬೆರಳು ನಿಂತಿತು. ಎರಡು ಗೆರೆಗಳ ನಡುವಿನ ಖಾಲಿ ಜಾಗದ ಮೇಲೆ ಅದು ಹಾಗೇ ಉಳಿಯಿತು. ನಾನು ನೆಲ ನೋಡಿದೆ.

“ಇವೆಲ್ಲಾ ಬಲಗೈಯವು. ಸಣ್ಣವು ಎಲ್ಲಿ?”

ಅವನು ಮಗಳ ಕಡೆ ತಿರುಗಿದ.

“ಸಣ್ಣವನ್ನ ಬಿಟ್ರ ಹೊತ್ತು ಸುಳ್ಳ ಬರ್ತೈತಿ ಅಂತ ನೀನ ಹೇಳಿದ್ದಿ. ನಿನ್ನ ನಕ್ಷತ್ರಕ್ಕ ಹಿಂಗ ಮಾಡ್ತಿದ್ದಿ ಏನವ್ವಾ?”

“ಇಲ್ಲಪ್ಪಾ.”

“ಮತ್ತ ನನಗ ಯಾಕ ಮಾಡಿದಿ?”

ಅವಳು ಅವನ ಎಡಗೈಯನ್ನು ಹಿಡಿದುಕೊಂಡು ಹಣೆಗೆ ಒತ್ತಿಕೊಂಡಳು. ಸಣ್ಣವಳಿದ್ದಾಗ ಅತ್ತ ಹಾಗೆ ಬಿಕ್ಕಿ ಬಿಕ್ಕಿ ಅತ್ತಳು. ಅವನು ಬಯ್ಯಲಿಲ್ಲ. ಬಲಗೈಯಿಂದ ಅವಳ ತಲೆ ಸವರಿದ. ಆಮೇಲೆ ಗಿಡ್ಡ ಗೆರೆಗಳನ್ನೂ ತೋರಿಸು ಎಂದ. ತೋರಿಸಿದಳು. ಕೆಂಪು ಚುಕ್ಕೆ ಯಾವುದು ಎಂದ. ಅದನ್ನೂ ಹೇಳಿದಳು. ಅವನು ನನ್ನ ಕಡೆ ತಿರುಗಿದ. ಅಷ್ಟು ವರ್ಷದ ಗೆಳೆತನದಲ್ಲಿ ಆ ನೋಟವನ್ನು ನಾನು ಕಂಡಿರಲಿಲ್ಲ. ಸಿಟ್ಟಾಗಿದ್ದರೆ ತಾಳಿಕೊಳ್ಳುತ್ತಿದ್ದೆ. ಅದು ನಾಚಿಕೆ.

“ಯಾವಾಗಿಂದ ಕಾಯಾಕತ್ತೀರಿ, ಮಾಸ್ತರ?”

“ನೀ ದವಾಖಾನಿಂದ ಬಂದಾಗಿಂದ.”

ಅವನು ಎದ್ದು ಹೋಗಿ ಕರಡಿಯ ಹಗ್ಗಗಳನ್ನು ಸಡಿಲ ಮಾಡಿದ. ಬಾರಿಸದೆ ಇಡುವಾಗ ಹಾಗೆ ಮಾಡುತ್ತೇವೆ, ಚರ್ಮ ಬಿಗಿದುಕೊಂಡೇ ಇದ್ದರೆ ಸೀಳುತ್ತದೆ ಎಂದು. ಎಡಗೈಗೆ ಗಂಟು ಬಿಚ್ಚಲು ಬರಲಿಲ್ಲ. ಮಗಳು ಹತ್ತಿರ ಹೋದಳು. ಬೇಡವೆಂದು ತಲೆಯಾಡಿಸಿ, ಹಲ್ಲಿನಿಂದ ಎಳೆದು ಬಿಚ್ಚಿದ. ಮರುದಿನ ಪರಶುವನ್ನು ಕರೆದು ಕರಡಿಯನ್ನು ಅವನ ಕೊರಳಿಗೆ ತಾನೇ ಹಾಕಿದ. ಇನ್ನು ಮೇಲೆ ಯಾರಿಗೂ ಕಾಯಬಾರದು ಎಂದಷ್ಟೇ ಹೇಳಿದ. ಪರಶು ಅದನ್ನು ಹೊತ್ತುಕೊಂಡು ಅಂಗಳ ದಾಟುವಾಗ ಶಂಕ್ರೆವ್ವ ಒಳಗೆ ಹೋಗಿ ಕದ ಹಾಕಿಕೊಂಡಳು.

ಮದುವೆಯ ಬೆಳಿಗ್ಗೆ ಮುದ್ದೇಬಿಹಾಳದ ರಸ್ತೆಯ ಹನುಮಪ್ಪನ ಗುಡಿಯ ಹತ್ತಿರ ಬೀಗರ ಗಾಡಿಗಳು ಬಂದು ನಿಂತವು. ಎದುರುಗೊಳ್ಳಲು ನಾವು ಹೊರಟೆವು. ಮುಂದೆ ಗುರಪ್ಪ, ಹೊಸ ಧೋತರ, ತಲೆಗೆ ಹಳದಿ ರುಮಾಲು, ಬಲಗೈಯ ಮೇಲೆ ಮಾಲೆ. ಊರಿನಲ್ಲಿ ಹೆಣ್ಣು ಹೆತ್ತ ಎಲ್ಲ ತಂದೆಯರ ಹಾಗೆ. ಅವನ ಬೆನ್ನಿಗೆ ಮೇಳ. ಪರಶು ಗುರಪ್ಪನ ಕರಡಿ ಕಟ್ಟಿದ್ದ. ಅವನು ಬಾರಿಸಿದ್ದು ಚೆನ್ನಾಗಿಯೇ ಇತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಎರಡೂ ಕೈ ಗಟ್ಟಿ, ಎರಡೂ ಪೆಟ್ಟು ಹೊತ್ತಿಗೆ ಸರಿಯಾಗಿ.

ಅರ್ಧ ದಾರಿಯಲ್ಲಿ ನನ್ನ ಕಣ್ಣು ಗುರಪ್ಪನ ಎಡಗೈಗೆ ಹೋಯಿತು. ಹೋಗಬಾರದಿತ್ತು. ಅದು ಧೋತರದ ಮೇಲೆ ಬಾರಿಸುತ್ತಿತ್ತು. ಅವನಿಗೆ ಅದರ ಅರಿವಿದ್ದಂತೆ ಕಾಣಲಿಲ್ಲ. ಪರಶುವಿನ ಬಲಗೈ ಕರೆದಾಗಲೆಲ್ಲ ಆ ಎಡಗೈ ಓಗೊಡುತ್ತಿತ್ತು, ಸದ್ದಿಲ್ಲದೆ, ತುಸು ತಡವಾಗಿ. ತಾಳ ಹಿಡಿದ ನನ್ನ ಕೈ ನನ್ನ ಮಾತು ಕೇಳಲಿಲ್ಲ. ಸದ್ದೇ ಇಲ್ಲದ ಆ ಪೆಟ್ಟಿಗೆ ಅದು ಕಾಯತೊಡಗಿತು. ತಾಳ ಸರಿಯಿತು, ಯಂಕಪ್ಪನ ಸನಾದಿ ತೊಡರಿತು.

“ಮಾಸ್ತರ, ತಾಳ ಹಿಂದ ಬೀಳಾಕತ್ತೈತ್ರಿ,” ಎಂದು ಪರಶು ಹಲ್ಲು ಕಚ್ಚಿ ಹೇಳಿದ.

ಗುರಪ್ಪನಿಗೆ ಅದು ಕೇಳಿಸಿತು. ತಿರುಗಿ ನೋಡಲಿಲ್ಲ. ಒಂದು ಕ್ಷಣ ತನ್ನ ಎಡಗೈಯನ್ನು ನೋಡಿಕೊಂಡ. ಆಮೇಲೆ ಮಾಲೆಯಿದ್ದ ಬಲಗೈಯನ್ನು ತಂದು ಆ ಕೈಯನ್ನು ಹಿಡಿದ, ಅಲುಗದಂತೆ ಎದೆಗೆ ಒತ್ತಿಕೊಂಡ. ನನ್ನ ತಾಳ ಸರಿಹೋಯಿತು.

ಎದುರಿನಿಂದ ಬರುತ್ತಿದ್ದ ಮುದ್ದೇಬಿಹಾಳದ ಹಿರಿಯರು, ಹೆಣ್ಣಿನ ತಂದೆ ಅಷ್ಟು ದೂರದಿಂದಲೇ ಕೈ ಮುಗಿದುಕೊಂಡು ಬರುತ್ತಿದ್ದಾರೆ, ಎಷ್ಟು ವಿನಯದ ಮನುಷ್ಯ ಎನ್ನುತ್ತ ತಾವೂ ಕೈ ಮುಗಿದರು. ಅವರ ಮುಂದೆ ಹೋಗಿ ನಿಂತು ಮಜಲು ಮುಗಿಯುವವರೆಗೂ ಅವನು ಆ ಕೈಯನ್ನು ಬಿಡಲಿಲ್ಲ.